ಇಪ್ಪತ್ತು ವರ್ಷದ ಮನೆ ಸಾಲ, ಆರು ವರ್ಷದೊಳಗೆ ಬೇಬಾಕಿ

2019ರ ಡಿಸೆಂಬರ್‌ನಲ್ಲಿ ಕಲಬುರಗಿಯ ಸೇಡಂ ರಸ್ತೆಯ ಕಡೆಯ ಬಡಾವಣೆಯೊಂದರಲ್ಲಿ ಮನೆ ಕೊಂಡಾಗ ನಾವು ಬ್ಯಾಂಕಿನಿಂದ ಪಡೆದ ಸಾಲ 14 ಲಕ್ಷ ರೂಪಾಯಿ, ಬಡ್ಡಿ ಶೇ. 8, ಅವಧಿ 240 ತಿಂಗಳು, ಮಾಸಿಕ ಕಂತು 11,710 ರೂಪಾಯಿ. ನಾನು ರಾಜ್ಯ ಸರ್ಕಾರದ ಇಲಾಖೆಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿ. ನಮ್ಮ ಮನೆಯವರದು ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಮನೆಯಲ್ಲಿ ಇಬ್ಬರು ಮಕ್ಕಳು ಮತ್ತು ಅತ್ತೆಯವರು ಇದ್ದಾರೆ. ಮೊದಲ ಕಂತು ಕಡಿತವಾದ ವಾರ ಸಾಲದ ಖಾತೆಯ ವಿವರ ತೆಗೆಸಿ ನೋಡಿದರೆ, 11,710ರಲ್ಲಿ 9,333 ರೂಪಾಯಿ ಬಡ್ಡಿಗೆ ಜಮೆಯಾಗಿ, ಅಸಲಿಗೆ ಸಂದದ್ದು 2,377 ಮಾತ್ರ. ಕಚೇರಿಯಲ್ಲಿ ದಿನವಿಡೀ ಲೆಕ್ಕದ ಕಡತಗಳನ್ನೇ ನೋಡುವ ನಾನು, ಆ ಕಂತನ್ನು 240ರಿಂದ ಗುಣಿಸಿ ನೋಡಿದ್ದು ಅಂದೇ ಮೊದಲು. ಒಟ್ಟು 28,10,400 ರೂಪಾಯಿ ಬಂತು, ಅಂದರೆ ಪಡೆದ ಸಾಲದಷ್ಟೇ ಬಡ್ಡಿ.

ನಮ್ಮದು ರೆಪೊ ದರಕ್ಕೆ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ ದರಕ್ಕೆ, ಜೋಡಿಸಿದ ಬದಲಾಗುವ ಬಡ್ಡಿಯ ಸಾಲ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಹೊಸ ಗೃಹ ಸಾಲಗಳನ್ನು ಹೀಗೆ ಹೊರಗಿನ ಮಾನದಂಡಕ್ಕೆ ಜೋಡಿಸಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿತ್ತು. ಇಂಥ ಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ವೈಯಕ್ತಿಕ ಸಾಲಗಾರರಿಂದ ದಂಡ ವಸೂಲಿ ಮಾಡುವಂತಿಲ್ಲ ಎಂಬ ನಿಯಮ 2012ರಿಂದಲೇ ಇದೆ. ಹಾಗಾಗಿ ಕೈಯಲ್ಲಿ ಹಣ ಇದ್ದಾಗಲೆಲ್ಲ ಕಟ್ಟಬಹುದಿತ್ತು. ಆದರೆ ಕೈಯಲ್ಲಿರುವ ಹಣ ನಿಜಕ್ಕೂ ಉಳಿತಾಯವೋ, ಮುಂದಿನ ತಿಂಗಳ ಖರ್ಚಿನದೋ ಎಂಬುದು ನನಗೆ ಎರಡು ವರ್ಷ ಸರಿಯಾಗಿ ತಿಳಿಯಲೇ ಇಲ್ಲ.

2020ರ ಮೇ ಹೊತ್ತಿಗೆ ರೆಪೊ ದರ ಶೇ. 4ಕ್ಕೆ ಇಳಿದು, ನಮ್ಮ ಬಡ್ಡಿ ಶೇ. 6.85 ಆಯಿತು. ಕಂತು ಇಳಿಸಿಕೊಳ್ಳಲು ಅವಕಾಶವಿತ್ತು. ಆದರೆ ಕಂತು ಇದ್ದಷ್ಟೇ ಇರಲಿ, ಅವಧಿ ಕಡಿಮೆಯಾಗಲಿ ಎಂದು ಅರ್ಜಿ ಬರೆದುಕೊಟ್ಟೆ. ಉಳಿದಿದ್ದ 234 ಕಂತುಗಳು ಸುಮಾರು 198ಕ್ಕೆ ಇಳಿದವು. ಒಂದು ರೂಪಾಯಿ ಹೆಚ್ಚು ಕಟ್ಟದೆ ಮೂರು ವರ್ಷ ಉಳಿದಂತಾಯಿತು. ಅದೇ ವರ್ಷ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡುವ ಸೌಲಭ್ಯವನ್ನು ನಾವು ಬಳಸಿಕೊಳ್ಳಲಿಲ್ಲ. ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿದ್ದರೂ ನನ್ನ ಸಂಬಳ ಬರುತ್ತಿತ್ತು; ಕಟ್ಟದ ತಿಂಗಳುಗಳ ಬಡ್ಡಿ ಅಸಲಿಗೆ ಸೇರುತ್ತದೆ ಎಂಬುದೂ ಗೊತ್ತಿತ್ತು.

2021ರ ಏಪ್ರಿಲ್‌ನಲ್ಲಿ ಮೊದಲ ಬಾರಿಗೆ ಹೆಚ್ಚುವರಿಯಾಗಿ 40,000 ರೂಪಾಯಿ ಕಟ್ಟಿದೆ. ಕೌಂಟರಿನಲ್ಲಿ ಕೊಟ್ಟು ರಸೀದಿ ಪಡೆದು ನಿಶ್ಚಿಂತೆಯಿಂದ ಮನೆಗೆ ಬಂದರೆ, ಮುಂದಿನ ತಿಂಗಳು ಸಂಬಳದ ಖಾತೆಯಿಂದ ಕಂತು ಕಡಿತವಾಗಲೇ ಇಲ್ಲ. ಕೊಟ್ಟ ಹಣವನ್ನು ಅವರು ಮುಂಗಡ ಕಂತುಗಳೆಂದು ಇಟ್ಟುಕೊಂಡಿದ್ದರು; ಅಸಲು ಹಾಗೆಯೇ ಇತ್ತು. ಹೋಗಿ ಕೇಳಿದಾಗ ಸಿಬ್ಬಂದಿಯೊಬ್ಬರು, “ಅದು ತಾನಾಗೇ ಅಡ್ಜಸ್ಟ್ ಆಗ್ತದ್ರಿ ಮೇಡಂ, ಯಾಕ ಇಷ್ಟ ಚಿಂತಿ ಮಾಡ್ತೀರಿ” ಎಂದರು. ನಾನು ಚಿಂತೆ ಮಾಡಿದೆ. “ಈ ಮೊತ್ತವನ್ನು ಅಸಲಿಗೆ ಜಮೆ ಮಾಡಿ, ಮಾಸಿಕ ಕಂತನ್ನು ಬದಲಿಸದೆ ಅವಧಿಯನ್ನು ಕಡಿಮೆ ಮಾಡುವುದು” ಎಂದು ಬರೆದು, ಎರಡನೇ ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡು ಬಂದೆ. ಮುಂದಿನ ಪ್ರತಿ ಪಾವತಿಗೂ ಅದೇ ಒಕ್ಕಣೆಯ ಪತ್ರ ಕೊಟ್ಟು, ಒಂದು ವಾರದ ನಂತರ ಖಾತೆಯ ವಿವರ ತೆಗೆಸಿ ನೋಡುವುದನ್ನು ತಪ್ಪಿಸಲಿಲ್ಲ.

ದೊಡ್ಡ ತಪ್ಪು ಮಾತ್ರ ನನ್ನದೇ. 2022ರ ಏಪ್ರಿಲ್‌ನಲ್ಲಿ ಉತ್ಸಾಹದಿಂದ ಇದ್ದಬದ್ದ ಹಣವನ್ನೆಲ್ಲ ಕೂಡಿಸಿ 1 ಲಕ್ಷ ಕಟ್ಟಿಬಿಟ್ಟೆ. ಮೇ ಎರಡನೇ ವಾರ ಬೋರ್‌ವೆಲ್ಲಿನ ಮೋಟಾರ್ ಸುಟ್ಟಿತು. ಆ ತಿಂಗಳೇ ಅತ್ತೆಯವರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯೂ ಆಗಬೇಕಿತ್ತು. 48,000 ರೂಪಾಯಿ ಹೊಂದಿಸಲು ನನ್ನ ಸರವನ್ನು ಅಡವಿಟ್ಟು, ಮನೆ ಸಾಲಕ್ಕಿಂತ ಹೆಚ್ಚಿನ ಬಡ್ಡಿಗೆ ಬಂಗಾರದ ಸಾಲ ಮಾಡಬೇಕಾಯಿತು. ಅದನ್ನು ಬಿಡಿಸಿಕೊಳ್ಳಲು ಎಂಟು ತಿಂಗಳು ಹಿಡಿಯಿತು. ಕಡಿಮೆ ಬಡ್ಡಿಯ ಸಾಲ ತೀರಿಸಲು ಹೋಗಿ ಹೆಚ್ಚಿನ ಬಡ್ಡಿಯ ಸಾಲ ಹೊತ್ತುಕೊಂಡ ಲೆಕ್ಕವನ್ನು ಕಚೇರಿಯಲ್ಲಿ ಯಾರಾದರೂ ಕಡತದಲ್ಲಿಟ್ಟು ತಂದಿದ್ದರೆ ಆಕ್ಷೇಪಣೆ ಬರೆದು ಹಿಂದಿರುಗಿಸುತ್ತಿದ್ದೆ.

ಆ ವರ್ಷದ ಮಳೆಗಾಲದಲ್ಲಿ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಹಿಂದಿನ ಹನ್ನೆರಡು ತಿಂಗಳ ಖರ್ಚನ್ನು ಬರೆದುಕೊಂಡು ಕುಳಿತೆವು. ಹಾಲು, ಗ್ಯಾಸ್, ಕಿರಾಣಿ, ಮೊಬೈಲ್ ಬಿಲ್ಲು ಇವುಗಳಲ್ಲಿ ಹೇಳಿಕೊಳ್ಳುವಂಥ ಏರುಪೇರು ಇರಲಿಲ್ಲ. ನಮ್ಮನ್ನು ಪ್ರತಿ ಸಲ ಕೆಡಿಸುತ್ತಿದ್ದುದು ವರ್ಷಕ್ಕೊಮ್ಮೆ ಬರುವ ಖರ್ಚುಗಳು: ಏಪ್ರಿಲ್‌ನಲ್ಲಿ ಮಹಾನಗರ ಪಾಲಿಕೆಯ ಆಸ್ತಿ ತೆರಿಗೆ (ಆ ತಿಂಗಳಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ ಇರುವುದರಿಂದ ಮುಂದೂಡುವಂತಿಲ್ಲ), ಬೇಸಿಗೆಯ ಕರೆಂಟ್ ಬಿಲ್ಲು, ಜೂನ್‌ನಲ್ಲಿ ಮಕ್ಕಳ ಶಾಲಾ ಶುಲ್ಕ, ಬೈಕಿನ ವಿಮೆ, ದಸರಾ ದೀಪಾವಳಿ, ಸುಗ್ಗಿ ಮುಗಿದ ಮೇಲೆ ತುಂಬಿಸಿಕೊಳ್ಳುವ ವರ್ಷದ ಜೋಳ ಮತ್ತು ತೊಗರಿ. ಎಲ್ಲ ಕೂಡಿಸಿದರೆ 1,08,000 ರೂಪಾಯಿ. ಇದು ಬರುವುದು ಗೊತ್ತಿದ್ದೂ ಪ್ರತಿ ವರ್ಷ ಹೊಸದಾಗಿ ಬಂದಂತೆ ಗಾಬರಿಯಾಗುತ್ತಿದ್ದೆವು. ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ 9,000 ರೂಪಾಯಿಯನ್ನು ಸಂಬಳ ಬಂದ ದಿನವೇ ಬೇರೊಂದು ಖಾತೆಗೆ ಹಾಕತೊಡಗಿದೆ. ಅದರ ಪಕ್ಕದಲ್ಲೇ ಮೂರು ತಿಂಗಳ ಮನೆ ಖರ್ಚಿನಷ್ಟು, ಅಂದರೆ 1,20,000 ರೂಪಾಯಿಯ ಠೇವಣಿಯನ್ನು ನಿಧಾನವಾಗಿ ಕಟ್ಟಿಕೊಂಡೆವು. ಈ ಎರಡನ್ನೂ ತೆಗೆದಿಟ್ಟ ಮೇಲೆ ಉಳಿದದ್ದನ್ನು ಮಾತ್ರ ಸಾಲಕ್ಕೆ ಎಂದು ಕರೆಯುವುದು ನಿಯಮವಾಯಿತು.

ಕರೆಂಟ್ ಬಿಲ್ಲಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬಿಸಿಲಿನ ಕಾರಣಕ್ಕೆ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಬ್ಯಾಂಕಿನ ಕೆಲಸಕ್ಕೆ ಇದರಿಂದ ಅನುಕೂಲ, ಕೂಲರಿಗೆ ಅನನುಕೂಲ. ಎರಡು ಗಂಟೆಗೇ ಎಲ್ಲರೂ ಮನೆಯಲ್ಲಿರುತ್ತೇವೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮ ವಾರ್ಷಿಕ ಸರಾಸರಿ 118 ಯೂನಿಟ್‌ಗೆ ಶೇ. 10 ಸೇರಿಸಿ, ಸುಮಾರು 130 ಯೂನಿಟ್ ಉಚಿತವೆಂದು ನಿಗದಿಯಾಯಿತು. ಅದನ್ನು ಮೀರಿದರೆ ಹೆಚ್ಚಿದ ಯೂನಿಟ್‌ಗಳಿಗೆ ಮಾತ್ರ ಹಣ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. 2024ರ ಮೇ ತಿಂಗಳಲ್ಲಿ 212 ಯೂನಿಟ್ ಆಗಿ, ಹನ್ನೆರಡು ಯೂನಿಟ್‌ಗಾಗಿ ಇಡೀ ಜೆಸ್ಕಾಂ ಬಿಲ್ಲು ಕಟ್ಟಿದೆವು. ಮರುವರ್ಷ ಮಗ ಪ್ರತಿ ಭಾನುವಾರ ಮೀಟರಿನ ಅಂಕಿಯನ್ನು ಕ್ಯಾಲೆಂಡರಿನ ಮೇಲೆ ಬರೆದಿಡತೊಡಗಿದ. ಎರಡು ಕೋಣೆಗಳ ಕೂಲರ್ ಬಿಟ್ಟು, ಪಡಸಾಲೆಯಲ್ಲಿ ಒಂದೇ ಕೂಲರಿನ ಮುಂದೆ ಐದೂ ಜನ ಹಾಸಿಕೊಂಡು ಮಲಗಿದೆವು. 187ಕ್ಕೆ ನಿಂತಿತು. ಇದರಿಂದ ಸಾಲ ತೀರಿತೆಂದು ಹೇಳಲಾರೆ. ಒಂದು ಬಿಲ್ಲಿನ ಉಳಿತಾಯ ಸಾಲದ ಮುಂದೆ ಏನೂ ಅಲ್ಲ. ಸಾಲ ತೀರಿದ್ದು ಸಂಬಳದ ಹೆಚ್ಚಳದಿಂದ.

ಆದರೆ ಅದಕ್ಕೂ ಮೊದಲು ಬಡ್ಡಿ ಏರಿತು. 2022ರ ಮೇ ತಿಂಗಳಿಂದ ರೆಪೊ ದರ ಹಂತಹಂತವಾಗಿ ಏರಿ, 2023ರ ಫೆಬ್ರವರಿಗೆ ಶೇ. 6.5 ಆಗಿ, ನಮ್ಮ ಬಡ್ಡಿ ಶೇ. 9.35 ಮುಟ್ಟಿತು. ಕಂತು ಅಷ್ಟೇ ಇದ್ದುದರಿಂದ ಮನೆಯಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಖಾತೆಯ ವಿವರ ತೆಗೆಸಿದರೆ, 135ರ ಆಸುಪಾಸು ಇರಬೇಕಿದ್ದ ಉಳಿಕೆ ಕಂತುಗಳು 173 ಆಗಿದ್ದವು. 2020ರಲ್ಲಿ ಗಳಿಸಿದ ಮೂರು ವರ್ಷ ಸದ್ದಿಲ್ಲದೆ ಕೈಬಿಟ್ಟುಹೋಗಿತ್ತು. ಬಡ್ಡಿ ಬದಲಾದಾಗ ಕಂತು ಹೆಚ್ಚಿಸುವುದೋ, ಅವಧಿ ಹೆಚ್ಚಿಸುವುದೋ ಎಂದು ಸಾಲಗಾರರನ್ನು ಕೇಳಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಆದೇಶಿಸಿತು. ನಾನು ಅದಕ್ಕೆ ಕಾಯಲಿಲ್ಲ. ಏಪ್ರಿಲ್‌ನಿಂದ ರಾಜ್ಯ ನೌಕರರಿಗೆ ಶೇ. 17ರ ಮಧ್ಯಂತರ ಪರಿಹಾರ ಬಂದಾಗ 1,20,000 ರೂಪಾಯಿ ಅಸಲಿಗೆ ಕಟ್ಟಿ, ಮೇ ತಿಂಗಳಿಂದ ಕಂತನ್ನು 17,000ಕ್ಕೆ ಏರಿಸಿಕೊಂಡೆ. 2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗದ ವೇತನ ಜಾರಿಯಾದಾಗ ಅದನ್ನು 25,000ಕ್ಕೆ ಏರಿಸಿದೆ. ಹೆಚ್ಚಿದ ಸಂಬಳದ ರುಚಿ ಮನೆಗೆ ಹತ್ತುವ ಮೊದಲೇ ಅದನ್ನು ಸಾಲಕ್ಕೆ ಕಟ್ಟಿಹಾಕಿದ್ದು ನಾನು ಮಾಡಿದ ಒಂದೇ ಜಾಣತನ. ಗಳಿಕೆ ರಜೆಯ ನಗದೀಕರಣ, ತುಟ್ಟಿಭತ್ಯೆಯ ಬಾಕಿ ಮತ್ತು ಅಂಗಡಿಯ ಉಳಿಕೆ ಸೇರಿಸಿ, 2024 ಮತ್ತು 2025ರ ಏಪ್ರಿಲ್‌ಗಳಲ್ಲಿ ತಲಾ 1,50,000 ಕಟ್ಟಿದೆವು.

ಸಹೋದ್ಯೋಗಿಗಳು ತೆರಿಗೆ ವಿನಾಯಿತಿ ತಪ್ಪುತ್ತದೆಂದು ಎಚ್ಚರಿಸುತ್ತಿದ್ದರು. ಹಳೆಯ ಪದ್ಧತಿಯಲ್ಲಿ ಶೇ. 20ರ ಹಂತದಲ್ಲಿರುವವರು ವರ್ಷಕ್ಕೆ 1 ಲಕ್ಷ ಬಡ್ಡಿ ಕಟ್ಟಿದರೆ ಸೆಸ್ ಸೇರಿ 20,800 ರೂಪಾಯಿ ತೆರಿಗೆ ಉಳಿಯುತ್ತದೆ. 79,200 ರೂಪಾಯಿ ಕೈಬಿಟ್ಟೇ ಹೋಗುತ್ತದೆ. ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ವಿನಾಯಿತಿಯೇ ಇಲ್ಲ. ಈ ಲೆಕ್ಕ ಹೇಳಿದ ಮೇಲೂ ಕೆಲವರು ಒಪ್ಪಲಿಲ್ಲ. ಅದು ಅವರವರ ಇಷ್ಟ.

2025ರ ನವೆಂಬರ್‌ನಲ್ಲಿ ಉಳಿದಿದ್ದ 2,11,000 ಚಿಲ್ಲರೆ ರೂಪಾಯಿಯನ್ನು ನಮ್ಮ ಮನೆಯವರ ಚೀಟಿಯ ಹಣದಿಂದ ಕಟ್ಟಿ ಖಾತೆ ಮುಚ್ಚಿಸಿದೆವು. ಒಟ್ಟು ಕಟ್ಟಿದ ಬಡ್ಡಿ ಸುಮಾರು 4,60,000. ತುರ್ತಿನ ಠೇವಣಿಯನ್ನು ಮುಟ್ಟಲಿಲ್ಲ.

ಹಣ ಕಟ್ಟಿದ ಮೇಲೂ ಕೆಲಸ ಉಳಿದಿರುತ್ತದೆ. ಬೇಬಾಕಿ ಪ್ರಮಾಣಪತ್ರ ಪಡೆದು, ಕಂತಿನ ಸ್ವಯಂ ಕಡಿತದ ಸೂಚನೆಯನ್ನು ಬರವಣಿಗೆಯಲ್ಲಿ ರದ್ದು ಮಾಡಿಸಿದೆ. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಬ್ಯಾಂಕು ಮೂಲ ದಾಖಲೆಗಳನ್ನು ಹಿಂದಿರುಗಿಸಬೇಕು, ತನ್ನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ನಮ್ಮ ಕ್ರಯಪತ್ರ ಹತ್ತೊಂಬತ್ತನೇ ದಿನಕ್ಕೆ ಕೈಗೆ ಬಂತು. ಆರು ವರ್ಷದ ಹಿಂದೆ ಒಪ್ಪಿಸಿದ್ದ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಪುಟಪುಟ ಎಣಿಸಿ ಸಹಿ ಮಾಡಿದೆ. ನಂತರ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಬ್ಯಾಂಕಿನ ಅಡಮಾನದ ಬಿಡುಗಡೆಯನ್ನು ನೋಂದಾಯಿಸಿ, ಹೊಸದಾಗಿ ಋಣಭಾರ ಪತ್ರ ತೆಗೆಸಿದೆವು. ಅಡಮಾನದ ನಮೂದಿನ ಕೆಳಗೆ ಬಿಡುಗಡೆಯ ನಮೂದು ಬಂದಿದೆಯೇ ಎಂದು ಅಲ್ಲಿಯೇ ಬೆಂಚಿನ ಮೇಲೆ ಕುಳಿತು, ಚೆಕ್ಕುಬಂದಿ ಸಮೇತ ಎರಡು ಸಲ ಓದಿ ನೋಡಿಕೊಂಡ ಮೇಲೆಯೇ ಅಲ್ಲಿಂದ ಎದ್ದೆ.