ಪ್ಯಾಲೆಟ್ ಮರದ ಮೇಜು ಎರಡು ಆಟಿ ದಾಟಿತು

ಸರಕು ಪೇರಿಸಿ ಸಾಗಿಸುವ ಹಲಗೆಯ ಚೌಕಟ್ಟಿಗೆ ಪ್ಯಾಲೆಟ್ ಎನ್ನುತ್ತಾರೆ. ಆ ಮರದಲ್ಲಿ ಮಾಡಿದ ನನ್ನ ಮೇಜಿನ ಡ್ರಾಯರ್ ಎರಡು ಮಳೆಗಾಲ, ಅಂದರೆ ಜಡಿಮಳೆಯ ಎರಡು ಆಟಿ ತಿಂಗಳು ಕಳೆದರೂ ಒಂದೇ ಬೆರಳಿಗೆ ಎಳೆದು ಬರುತ್ತದೆ. ಸುರತ್ಕಲ್ಲಿನ ಉಪ್ಪುಗಾಳಿಯಲ್ಲಿ ಇದು ಸಣ್ಣ ಮಾತಲ್ಲ. "ಇದು ಬಚ್ಚಲೊಲೆಗೆ ಆದೀತು ಮಾರಾಯ್ರೆ, ಮೇಜಿಗಲ್ಲ. ಒಂದು ಆಟಿ ಕಳೀಲಿ, ಮತ್ತೆ ಮಾತಾಡುವ" ಅಂದಿದ್ದರು ನಮ್ಮ ಬಡಗಿ ಆಚಾರ್ರು. ಮೊನ್ನೆ ಅವರೇ ಬಂದು ಡ್ರಾಯರನ್ನು ಪೂರ್ತಿ ಹೊರಗೆಳೆದು, ಮೂಲೆಯ ಸಂದಿಯ ಮೇಲೆ ಉಗುರು ಓಡಿಸಿ ನೋಡಿ, "ಮರ ಎಲ್ಲಿಂದ ತರ್ತೀರಿ?" ಎಂದು ಕೇಳಿದರು.

ತರುವುದು ಬೈಕಂಪಾಡಿ ಕಡೆಯ ಗುಜರಿಯಿಂದ. ಪಣಂಬೂರು ಬಂದರಿನಲ್ಲಿ ಇಳಿದ ಯಂತ್ರ, ಬಿಡಿಭಾಗಗಳ ಜತೆ ಬಂದ ಪ್ಯಾಲೆಟ್‌ಗಳು ಅವು. ಯಾವ ಗುಜರಿ ಎಂದು ಮಾತ್ರ ಹೇಳುವುದಿಲ್ಲ. ಹೇಳಿದರೆ ಈಗ 150-200 ರೂಪಾಯಿಗೆ ಸಿಗುವುದು ನಾಳೆ 400 ಆಗುತ್ತದೆ.

ಆರಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಪ್ಯಾಲೆಟ್ ಮೇಲೆ ಗೋಧಿ ತೆನೆಯ ಮುದ್ರೆ, ಅದರ ಪಕ್ಕ ದೇಶದ ಎರಡಕ್ಷರ, ಎಚ್‌ಟಿ ಅಥವಾ ಎಂಬಿ ಎಂಬ ಗುರುತು ಇರುತ್ತದೆ. ಹುಳು ಸಾಯಲೆಂದು ಮರಕ್ಕೆ ಶಾಖ ಕೊಟ್ಟಿದ್ದರೆ ಎಚ್‌ಟಿ, ವಿಷಾನಿಲ ಕೊಟ್ಟಿದ್ದರೆ ಎಂಬಿ. ಎಂಬಿ, ಅಂದರೆ ಮೀಥೈಲ್ ಬ್ರೋಮೈಡ್ ಕೊಟ್ಟದ್ದನ್ನು ನಾನು ಮುಟ್ಟುವುದಿಲ್ಲ. ಅನಿಲ ಹಾರಿಹೋಗಿರುತ್ತದೆ ಎಂದು ಗುಜರಿಯವರು ಹೇಳಬಹುದು. ಎಚ್‌ಟಿ ಸಿಗುವ ಊರಲ್ಲಿ ಆ ರಗಳೆ ಯಾಕೆ? ನಿಜಕ್ಕೂ ಹೆದರಬೇಕಾದ್ದು ಆಮೇಲೆ ಅದರ ಮೇಲೆ ಏನು ಚೆಲ್ಲಿದೆ ಎಂಬುದಕ್ಕೆ. ಅದನ್ನು ಯಾವ ಮುದ್ರೆಯೂ ಹೇಳುವುದಿಲ್ಲ. ಹಲಗೆಯ ತುದಿಯಿಂದ ಒಂದು ಸಿಬಿರು ಕಿತ್ತು, ಹೊಸ ಮುರಿತವನ್ನು ಮೂಸಿ ನೋಡಿ. ರಾಳದ ವಾಸನೆ ಬಂದರೆ ಸರಿ. ಎಣ್ಣೆ, ಔಷಧದ ಘಾಟು, ಮೀನಿನ ವಾಸನೆ ಬಂದರೆ ಅಲ್ಲೇ ಬಿಡಿ. ನೀಲಿ ಬಣ್ಣ ಬಳಿದವು ಬಾಡಿಗೆ ಕಂಪನಿಯ ಸೊತ್ತು, ಅವೂ ಬೇಡ. ಹತ್ತು ನೋಡಿದರೆ ನಾಲ್ಕು ತರುತ್ತೇನೆ. ಬೇಡವಾದದ್ದನ್ನು ಬಚ್ಚಲೊಲೆಗೂ ಹಾಕಬೇಡಿ, ಹೊಗೆ ಮನೆಯವರ ಮೂಗಿಗೇ ಬರುವುದು.

ಎಚ್‌ಟಿ ಕಂಡ ಕೂಡಲೇ ಒಣಗಿದ ಮರ ಎಂದುಕೊಳ್ಳುವವರಿದ್ದಾರೆ. ತಿರುಳಿಗೆ 56 ಡಿಗ್ರಿ ಶಾಖ 30 ನಿಮಿಷ ಸಿಕ್ಕಿದೆ, ಒಳಗಿನ ಹುಳು ಸತ್ತಿದೆ, ಅಷ್ಟೇ. ಆಮೇಲೆ ಬರುವ ಒರಲೆಗೂ ಮರ ಕೊರೆಯುವ ಕುಟ್ಟೆಗೂ ಅದರ ಹೆದರಿಕೆ ಇಲ್ಲ.

ಬಿಚ್ಚುವಾಗ ಹಾರೆ ಹಾಕಿ ಮೀಟಿದರೆ ಮೂರರಲ್ಲೊಂದು ಹಲಗೆ ಸೀಳುತ್ತದೆ, ಮೊಳೆಗಳು ತಿರುಪಿನಂತೆ ಇರುತ್ತವಲ್ಲ. ಈಗ ಹಲಗೆ ಮತ್ತು ಪಕ್ಕಾಸಿನ ನಡುವೆ ರೆಸಿಪ್ರೊಕೇಟಿಂಗ್ ಗರಗಸ (ಬ್ಲೇಡು ಹಿಂದೆ-ಮುಂದೆ ಓಡುವ ಯಂತ್ರ) ತೂರಿಸಿ ಮೊಳೆಯನ್ನೇ ಕೊಯ್ಯುತ್ತೇನೆ. ಎರಡು ಲೋಹ ಬೆಸೆದ ಬೈಮೆಟಲ್ ಬ್ಲೇಡಿಗೆ ಇನ್ನೂರು ಚಿಲ್ಲರೆ, ಮೂರ್ನಾಲ್ಕು ಪ್ಯಾಲೆಟ್ ಬರುತ್ತದೆ. ಉಳಿದ ತುಂಡನ್ನು ಪಂಚ್‌ನಿಂದ ಹೊಡೆದು ಹೊರಗೆ ಹಾಕಬೇಕು. ದುಡ್ಡು ಹೋಗುವುದು ಇಲ್ಲೇ: ತಲೆ ಹಾರಿದ ಒಂದು ಪಿನ್ನು ಉಳಿದರೆ ಹಲಗೆ ಹೆರೆಯುವ ಯಂತ್ರದ, ಅಂದರೆ ಪ್ಲೇನರಿನ ಬ್ಲೇಡು ಜೋಡಿಯೇ ಹಾಳು. ನಾನು ಹಳೆಯ ಹಾರ್ಡ್‌ಡಿಸ್ಕಿನ ಆಯಸ್ಕಾಂತಕ್ಕೆ ದಾರ ಕಟ್ಟಿ ಹಲಗೆಯ ಮೇಲೆ ಮೆಲ್ಲನೆ ಸಾಗಿಸುತ್ತೇನೆ. ಕಬ್ಬಿಣ ಇದ್ದಲ್ಲಿ ದಾರ ಓರೆಯಾಗಿ ನಿಲ್ಲುತ್ತದೆ, ಕಣ್ಣಿಗೆ ಏನೂ ಕಾಣದಿದ್ದರೂ. ಅಲ್ಲಿ ಪೆನ್ಸಿಲ್ಲಿನಿಂದ ಸುತ್ತು ಹಾಕಿ ಮುಂದಕ್ಕೆ ಹೋಗುವುದು.

ಹಲಗೆಗಳನ್ನು ಒಣಗಲೆಂದು ದೀಪಾವಳಿ ಕಳೆದ ಮೇಲೆ ಅಟ್ಟದಲ್ಲಿ ನಡುನಡುವೆ ರೀಪು ಕೊಟ್ಟು ಪೇರಿಸಿ, ಶಿವರಾತ್ರಿ ಕಳೆದ ಮೇಲೆ ಇಳಿಸುತ್ತೇನೆ. ಆದರೆ ಸೆಕೆಯಲ್ಲಿ ಬಿಗಿಯಾಗಿ ಕೂರಿಸಿದ್ದು ಆಟಿಯಲ್ಲಿ ಉಬ್ಬಿ ಕಚ್ಚುತ್ತದೆ. ಎಂಟು ಇಂಚು ಅಗಲಕ್ಕೆ ಸುಮಾರು 3 ಮಿಲಿಮೀಟರ್ ಸಂದು ಬಿಡಿ. ಮೇಲ್ಹಲಗೆಯ ಸ್ಕ್ರೂಗಳಿಗೆ ದುಂಡು ತೂತಲ್ಲ, ಅಗಲದ ದಿಕ್ಕಿಗೆ ಉದ್ದ ತೂತು ಬೇಕು. ದುಂಡು ತೂತಿನಲ್ಲಿ ಬಿಗಿದ ಮೊದಲ ಮೇಜು ಏಪ್ರಿಲಿನಲ್ಲಿ ನಡುಮಧ್ಯಕ್ಕೆ ಸೀಳಿತ್ತು.

ಈ ನಡುವೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೂ ಪರೀಕ್ಷಿಸಿದೆ. ದೋಣಿಗೆ ಹಚ್ಚುವುದು ಮೇಜಿಗೆ ಯಾಕಾಗಬಾರದು ಎಂದು. ಅಂಗಳದ ಬೆಂಚಿಗೆ ಬಳಿದೆ, ಒರಲೆ ಹತ್ತಿರ ಸುಳಿದಿಲ್ಲ. ಮನೆಯೊಳಗೆ ಆಗದು: ಮಳೆಯಲ್ಲಿ ಅಂಟಂಟು, ವಾಸನೆ ಬೇರೆ. ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಗ್ಲೌಸ್ ಇಲ್ಲದೆ ಡಬ್ಬಿ ತೆರೆಯಬೇಡಿ. ಈಗ ಮೇಜಿನ ಕಾಲಿನ ತಳಕ್ಕೆ ಮಾತ್ರ ಹಚ್ಚುತ್ತೇನೆ. ಮೇಲಿನ ಪಾಲಿಶ್‌ಗೆ ಬೆರೆಸುವುದು ಬೇರೆಯೇ ಒಂದಿದೆ, ಅದು ನನ್ನಲ್ಲೇ ಇರಲಿ.

ಖರ್ಚು ನೆನಪಿನಿಂದ: ಮರ 1,500, ಟೆಂಪೋ 600, ಬ್ಲೇಡು 800, ಅಂಟು-ಸ್ಕ್ರೂ-ಪಾಲಿಶ್ ಸೇರಿ ಇನ್ನೊಂದು 1,500. ಸಾಗುವಾನಿಯಾದರೆ ಮರಕ್ಕೇ ಇದರ ಎಷ್ಟೋ ಪಟ್ಟು ಆಗುತ್ತಿತ್ತು.

ಪಕ್ಕದ ಮನೆಯವರು ಮೇಜು ನೋಡಿ ತೊಟ್ಟಿಲು ಕೇಳಿದರು. ಮಾಡುವುದಿಲ್ಲ ಎಂದೆ. ಮಗು ಬಾಯಿ ಹಾಕುವ ವಸ್ತುವಿಗೂ, ಚಪಾತಿ ಮಣೆಗೂ ಪ್ಯಾಲೆಟ್ ಮರ ಬೇಡ, ಮುದ್ರೆ ಎಷ್ಟೇ ಒಳ್ಳೆಯದಿರಲಿ. ಪುಸ್ತಕದ ಕಪಾಟಿಗೆ ಒಪ್ಪಿದ್ದಾರೆ. ಹಲಗೆ ಅಟ್ಟದಲ್ಲಿದೆ.