ಹೊಯ್‌ಲೇಕ್ ಓಪನ್‌ನಲ್ಲಿ ನಾನು ಆರಿಸಿದ ಮೂರು ಹೆಸರು

2023ರ ಜುಲೈ. ಆ ವರ್ಷದ ಗಾಲ್ಫ್ ಓಪನ್ ಚಾಂಪಿಯನ್‌ಶಿಪ್ ಲಿವರ್‌ಪೂಲ್ ಹತ್ತಿರದ ಹೊಯ್‌ಲೇಕ್‌ನಲ್ಲಿತ್ತು, ರಾಯಲ್ ಲಿವರ್‌ಪೂಲ್ ಕೋರ್ಸಿನಲ್ಲಿ. ನಾನಿರುವುದು ಮ್ಯಾಂಚೆಸ್ಟರ್‌ನಲ್ಲಿ, ಹಾಗಾಗಿ ಯಾರ ಮೇಲೆ ಬಾಜಿ ಕಟ್ಟಲಿ ಅಂತ ನೋಡೋಕೆ ಪ್ರಾಕ್ಟೀಸ್ ದಿನವೇ ರೈಲು ಹತ್ತಿ ಹೋದೆ. ಹೋಗಿ ನಿಂತದ್ದು 17ನೇ ಹೋಲ್ ಹತ್ತಿರ. 136 ಗಜದ ಪುಟ್ಟ ಪಾರ್-3 (ಮೂರು ಹೊಡೆತದಲ್ಲಿ ಮುಗಿಸಬೇಕಾದದ್ದು) ಅದು, ಹೊಸದಾಗಿ ಕಟ್ಟಿದ್ದು, ಗ್ರೀನ್, ಅಂದರೆ ಗುಳಿ ಇರುವ ನುಣುಪು ಹುಲ್ಲುಹಾಸು, ದಿಬ್ಬದ ಮೇಲೆ. ಒಬ್ಬನ ಚೆಂಡು ಅಂಚಿಗೆ ಬಿತ್ತು, ನಿಂತೇಬಿಟ್ಟಿತು ಅನ್ನುವಷ್ಟರಲ್ಲಿ ಮೆಲ್ಲಗೆ ಉರುಳಿ ಬಂಕರ್, ಅಂದರೆ ಮರಳಿನ ಗುಂಡಿ, ಸೇರಿತು. ಅವನು ಒಳಗಿಳಿದ ಮೇಲೆ ನನಗೆ ಕಂಡಿದ್ದು ಟೋಪಿ ಮಾತ್ರ. ಇಲ್ಲಿ ದೂರ ಹೊಡೆಯುವವನಿಗಿಂತ ಮರಳಿಗೆ ಬೀಳದೆ ಆಡುವವನೇ ಬೇಕು ಅಂತ ಅಲ್ಲೇ ತೀರ್ಮಾನ ಮಾಡಿದೆ.

ಇದಕ್ಕೆ ಹಳೇ ಆಧಾರವೂ ಇದೆ. 2006ರಲ್ಲಿ ಇದೇ ಕೋರ್ಸಿನಲ್ಲಿ ಟೈಗರ್ ವುಡ್ಸ್ ನಾಲ್ಕೂ ದಿನ ಸೇರಿ ಡ್ರೈವರ್ (ತುಂಬಾ ದೂರ ಹೊಡೆಯುವ ಕೋಲು) ಹಿಡಿದದ್ದು ಒಂದೇ ಒಂದು ಸಲ. ಉಳಿದಂತೆಲ್ಲ ಬಂಕರ್‌ಗಿಂತ ಮುಂಚೆಯೇ ಚೆಂಡು ನಿಲ್ಲಿಸಿ, ಅಲ್ಲಿಂದ ಐರನ್ (ಅಷ್ಟು ದೂರ ಹೋಗದ, ಗುರಿಯಿಟ್ಟು ಹೊಡೆಯುವ ಕೋಲು) ಹೊಡೆದು 18 ಅಂಡರ್‌ನಲ್ಲಿ, ಅಂದರೆ ಪಾರ್‌ಗಿಂತ 18 ಹೊಡೆತ ಕಮ್ಮಿಯಲ್ಲಿ, ಗೆದ್ದ.

ಮುಂದಿನದನ್ನು ಹೇಳುವ ಮೊದಲು ಒಂದು ಮಾತು. ಬ್ರಿಟನ್ನಿನಲ್ಲಿ 18 ತುಂಬಿದವರಿಗೆ ಬಾಜಿ ಕಟ್ಟುವುದು ಕಾನೂನುಬದ್ಧ, ಭಾರತದಲ್ಲಿ ಹಾಗಲ್ಲ, ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ಆಡುವುದನ್ನು ನಿಷೇಧಿಸಿ 2025ರಲ್ಲಿ ಕಾನೂನೇ ಆಗಿದೆ. ಅಲ್ಲಿರುವವರು ದಯವಿಟ್ಟು ಇದಕ್ಕೆ ಕೈಹಾಕಬೇಡಿ. ನಾನೂ ಇಡೀ ವಾರಕ್ಕೆ ತೆಗೆದಿಡುವುದು 20 ಪೌಂಡ್, ಹೋದರೂ ಚಿಂತೆಯಿಲ್ಲ ಅನ್ನುವಷ್ಟು.

156 ಜನ ಆಡುತ್ತಾರೆ. ನಾನು ಮೊದಲು ಬಿಡುವುದು ಫೇವರಿಟ್‌ಗಳನ್ನ. ಹಿಂದಿನ ವಾರವಷ್ಟೇ ಮೆಕಿಲ್‌ರಾಯ್ ಸ್ಕಾಟಿಷ್ ಓಪನ್ ಗೆದ್ದಿದ್ದ, ಎಲ್ಲರ ಬಾಯಲ್ಲೂ ಅವನದೇ ಹೆಸರು, ಹಾಗಾಗಿ ಬಾಜಿ ಗೆದ್ದರೆ ಸಿಗುವ ದರ ತೀರಾ ಕಮ್ಮಿ. ಆಮೇಲೆ ಗ್ರೀನ್‌ಗೆ ಹೊಡೆಯುವ ಐರನ್ ಆಟ ಹೇಗಿದೆ ನೋಡುತ್ತೇನೆ. ಪಟ್ಟಿಂಗ್ (ಗ್ರೀನ್ ಮೇಲೆ ಚೆಂಡನ್ನು ಗುಳಿಗೆ ಉರುಳಿಸುವುದು) ವಾರದಿಂದ ವಾರಕ್ಕೆ ಬದಲಾಗುತ್ತೆ, ಐರನ್ ಅಷ್ಟು ಬೇಗ ಕೈಕೊಡಲ್ಲ. ಹಾಗಂತ ಪಟ್ಟಿಂಗ್ ಪೂರ್ತಿ ಮರೆಯೋ ಹಾಗೂ ಇಲ್ಲ: ಆ ವರ್ಷ ಶೆಫ್ಲರ್ ಗ್ರೀನ್‌ವರೆಗೆ ಯಾರಿಗಿಂತಲೂ ಚೆನ್ನಾಗಿ ಆಡುತ್ತಿದ್ದ, ಗ್ರೀನ್ ಮೇಲೆ ಒದ್ದಾಡುತ್ತಿದ್ದ. ಯಾರು ಯಾವಾಗ ಆಟ ಶುರುಮಾಡುತ್ತಾರೆ ಅನ್ನುವ ಟೀ ಟೈಮ್ ಪಟ್ಟಿ ಬಂದ ಮೇಲೆ ಗಾಳಿಯನ್ನೂ ನೋಡಬೇಕು. ಅರ್ಧ ಜನ ಗುರುವಾರ ಬೆಳಿಗ್ಗೆ, ಶುಕ್ರವಾರ ಮಧ್ಯಾಹ್ನ ಆಡುತ್ತಾರೆ, ಉಳಿದರ್ಧ ಉಲ್ಟಾ. ಸಮುದ್ರದ ಪಕ್ಕದ ಕೋರ್ಸಿನಲ್ಲಿ ಯಾವ ಹೊತ್ತಿಗೆ ಗಾಳಿ ಎದ್ದಿತು ಅನ್ನುವುದೇ ಎಷ್ಟೋ ಸಲ ಎರಡು ಮೂರು ಶಾಟ್ ತಿಂದುಬಿಡುತ್ತೆ. ಅದಕ್ಕೇ ನಾನು ಬುಧವಾರ ಸಂಜೆಗೆ ಮುಂಚೆ ಯಾವತ್ತೂ ದುಡ್ಡು ಕಟ್ಟಲ್ಲ.

ಕೊನೆಗೆ ಉಳಿದದ್ದು ಮೂವರು. ಸೆಪ್ ಸ್ಟ್ರಾಕಾ, ಎರಡು ವಾರ ಹಿಂದೆ ಕೊನೇ ದಿನ ಬರೀ 62 ಹೊಡೆತದಲ್ಲಿ ಮುಗಿಸಿ ಜಾನ್ ಡೀರ್ ಕ್ಲಾಸಿಕ್ ಗೆದ್ದಿದ್ದ. ಟಾಮಿ ಫ್ಲೀಟ್‌ವುಡ್, ಅದೇ ಕರಾವಳಿಯ ಸೌತ್‌ಪೋರ್ಟ್‌ನವನು. ಮೂರನೆಯವನು ನಮ್ಮ ಶುಭಂಕರ್ ಶರ್ಮಾ. ಇವನದು ಲೆಕ್ಕ ಹಾಕಿ ಆರಿಸಿದ ಹೆಸರಲ್ಲ, ಪ್ರೀತಿಗೆ. ಮೊದಲ ಇಬ್ಬರ ಮೇಲೆ 4 ಪೌಂಡ್ ಈಚ್ ವೇ, ಶುಭಂಕರ್ ಮೇಲೆ 2. ಈಚ್ ವೇ ಅಂದರೆ ಎರಡು ಬಾಜಿ, ಒಂದು ಗೆಲುವಿಗೆ, ಇನ್ನೊಂದು ಮೊದಲ 8 ಸ್ಥಾನಕ್ಕೆ, ಅಲ್ಲಿ ದರದ ಐದನೇ ಒಂದು ಭಾಗ ಸಿಗುತ್ತೆ. ಅಲ್ಲಿಗೆ 20 ಪೌಂಡ್ ಮುಗೀತು.

ಗುರುವಾರ ಫ್ಲೀಟ್‌ವುಡ್ 66 ಹೊಡೆದು ಇನ್ನಿಬ್ಬರ ಜೊತೆ ಮೇಲೆ ಕೂತ. ಕೊನೆಗೆ ಹತ್ತಕ್ಕೆ ಬಂದು ನಿಂತ, ಆ ದುಡ್ಡು ಹೋಯಿತು. ಸ್ಟ್ರಾಕಾ ಮೂವರ ಜೊತೆ ಎರಡನೇ ಸ್ಥಾನ ಹಂಚಿಕೊಂಡ. ನಾಲ್ವರೂ ಎಂಟರೊಳಗೇ ಇದ್ದದ್ದರಿಂದ ಸ್ಥಾನದ ಬಾಜಿಯ ಪೂರ್ತಿ ದುಡ್ಡು ಬಂತು.

ಗೆದ್ದವನು ಮಾತ್ರ ಬ್ರಯನ್ ಹಾರ್ಮನ್, ಅದೂ ಆರು ಶಾಟ್ ಅಂತರದಲ್ಲಿ. ನನಗೆ ಈಗಲೂ ಹೊಟ್ಟೆ ಉರಿಯುವುದು ಇಲ್ಲೇ. ದೂರ ಹೊಡೆಯಲ್ಲ, ನೇರ ಹೊಡೀತಾನೆ, ಹಿಂದಿನ ವರ್ಷ ಸೇಂಟ್ ಆಂಡ್ರೂಸ್‌ನ ಓಪನ್‌ನಲ್ಲಿ ಆರನೇ ಸ್ಥಾನ ಹಂಚಿಕೊಂಡಿದ್ದ. 17ನೇ ಹೋಲ್ ಪಕ್ಕ ನಿಂತು ನಾನು ಬೇಕು ಅಂದುಕೊಂಡವನು ಇವನೇ ಅಲ್ವಾ! ಆ ಸೀಸನ್ನಿನ ಅಂಕಿ ಮಾತ್ರ ನೋಡಿ, ಹಿಂದಿನ ಓಪನ್‌ಗಳ ಪಟ್ಟಿ ತೆರೆಯದೇ ಬಿಟ್ಟಿದ್ದೆ. ಈಗ ಮೊದಲು ತೆರೆಯುವುದು ಅದನ್ನೇ.

ಭಾನುವಾರ ಇಡೀ ದಿನ ಮಳೆ. ಹಾರ್ಮನ್ ಗೆಲುವು ಖಚಿತ ಅನಿಸಿದ ಮೇಲೆ ನಾನು ನೋಡುತ್ತಿದ್ದದ್ದು ಶುಭಂಕರ್ ಹೆಸರೊಂದನ್ನೇ. ಕ್ಯಾಮೆರಾನ್ ಯಂಗ್ ಜೊತೆ ಎಂಟನೇ ಸ್ಥಾನ, ಓಪನ್‌ನಲ್ಲಿ ಭಾರತೀಯನೊಬ್ಬನ ಅತ್ಯುತ್ತಮ ಆಟ. ಒಂದು ಸ್ಥಾನಕ್ಕೆ ಇಬ್ಬರಾದ್ದರಿಂದ ಡೆಡ್ ಹೀಟ್ ನಿಯಮ ಬಂತು, ಅಂದರೆ ಅರ್ಧ ಬಾಜಿಗೆ ಮಾತ್ರ ದುಡ್ಡು. ಲೆಕ್ಕ ಸುಲಭವಾಗಲಿ ಅಂತ ದರ 1ಕ್ಕೆ 100 ಅಂದುಕೊಳ್ಳಿ, ಅದರ ಐದನೇ ಒಂದು ಭಾಗ 20: 2 ಪೌಂಡ್ ಸ್ಥಾನದ ಬಾಜಿಗೆ, ಕಟ್ಟಿದ 2 ಸೇರಿ, 42 ಬರಬೇಕಿದ್ದದ್ದು 21 ಆಗುತ್ತೆ. ನನಗೇನೂ ಬೇಜಾರಾಗಲಿಲ್ಲ. ಆ ರಾತ್ರಿ ಊರಿಗೆ ಫೋನ್ ಮಾಡಿ ಅಪ್ಪನಿಗೆ ಮೊದಲು ಹೇಳಿದ್ದು ಶುಭಂಕರ್ ಎಂಟನೇ ಸ್ಥಾನಕ್ಕೆ ಬಂದ ಅಂತ.