ಆರ್-404ಎ ಬಿಟ್ಟೆ, ಪ್ರೊಪೇನ್‌ನಲ್ಲೇ ಫ್ರೀಜರ್ ಕಟ್ಟಿದೆ

"ಬೆಂಕಿ ಜತೆ ಸರಸ ಬೇಡ" ಅಂತ ಹೇಳಿದವರೇ ಜಾಸ್ತಿ. ಅವರಲ್ಲೇ ಕೆಲವರು ಈಗ ಫೋನ್ ಮಾಡಿ ಕ್ಯಾಪಿಲರಿ (ಗ್ಯಾಸ್ ಹರಿವನ್ನು ಬಿಗಿ ಹಿಡಿಯುವ ಸಪೂರ ತಾಮ್ರದ ನಳಿಗೆ) ಅಳತೆ ಕೇಳುತ್ತಾರೆ.

ನಾನು ಕಟ್ಟುವ ಡಿಸ್‌ಪ್ಲೇ ಫ್ರೀಜರ್‌ಗೆ ಮೊದಲು ತಂಪು ಮಾಡುವ ಗ್ಯಾಸ್ ಆಗಿ ಸುಮಾರು 300 ಗ್ರಾಂ ಆರ್-404ಎ ಹೋಗುತ್ತಿತ್ತು. ಅದಷ್ಟೂ ಸೋರಿದರೆ ಒಂದು ಟನ್‌ಗೂ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಬಿಟ್ಟ ಹಾಗೆ. ಭೂಮಿ ಬಿಸಿ ಮಾಡುವ ಗ್ಯಾಸ್‌ಗಳನ್ನು ಕಡಿಮೆ ಮಾಡಲು ದೇಶಗಳು ಒಪ್ಪಿದ 2016ರ ಕಿಗಾಲಿ ಒಪ್ಪಂದ ಆದ ಮೇಲೆ ಇಂಥ ಗ್ಯಾಸ್‌ಗೆ ಉಳಿಗಾಲ ಕಡಿಮೆ ಅಂತ ಗೊತ್ತಿತ್ತು. ಹಾಗಾಗಿ ಆರ್-290, ಅಂದರೆ ಪ್ರೊಪೇನ್ ಹಿಡಿದೆ.

ಹಳೆಯ ಮೆಷಿನ್‌ಗೆ ಪ್ರೊಪೇನ್ ತುಂಬುವ ಕೆಲಸ ಇದಲ್ಲ, ಅದನ್ನು ಯಾರೂ ಮಾಡಬಾರದು. ಅದರ ರಿಲೇ, ಥರ್ಮೋಸ್ಟಾಟ್ ಕಿಡಿ ಹಾರಿಸುತ್ತವೆ. ಗಾಳಿಯಲ್ಲಿ ಪ್ರೊಪೇನ್ ಶೇ. 2 ದಾಟಿದರೆ ಸಾಕು, ಹೊತ್ತಿಕೊಳ್ಳುತ್ತದೆ. ನಾನು ಕಂಪ್ರೆಸರ್‌ನಿಂದ ಫ್ಯಾನ್‌ವರೆಗೆ ಎಲ್ಲವನ್ನೂ ಇದಕ್ಕೆಂದೇ ಮಾಡಿದ್ದನ್ನು ತಂದೆ.

ಮೊದಲ ಪೀಸ್ ತುಂಬಾ ಸತಾಯಿಸಿತು. ಸಕ್ಷನ್ ಪೈಪ್ (ಕಂಪ್ರೆಸರ್‌ಗೆ ಗ್ಯಾಸ್ ವಾಪಸ್ ತರುವ ಪೈಪ್) ಮೇಲೆ ಕಂಪ್ರೆಸರ್‌ವರೆಗೂ ಹಿಮ, ಒಳಗೆ ಮಾತ್ರ ಮೈನಸ್ 12ರಿಂದ ಕೆಳಗಿಳಿಯದು. ಗ್ಯಾಸ್ ಕಡಿಮೆ ಮಾಡಿದರೆ ಕಾಯಿಲ್‌ನ ಕೊನೆಯ ಸುತ್ತುಗಳು ಒಣಗಿದವು. 404ಎ ಕ್ಯಾಪಿಲರಿ ಪ್ರೊಪೇನ್‌ಗೆ ಸಡಿಲ. ಉದ್ದ ಹೆಚ್ಚಿಸುತ್ತಾ ಹೋದೆ. ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ಸುರಿದ ತಾಮ್ರ ನನ್ನದು! ಕ್ಯಾಪಿಲರಿಯನ್ನು ಸಕ್ಷನ್ ಪೈಪ್ ಜೊತೆ ಉದ್ದಕ್ಕೂ ಬೆಸೆದ ಮೇಲೆ ಮೈನಸ್ 20 ಆರಾಮಾಗಿ ಬಂತು. ಚಾರ್ಜ್, ಅಂದರೆ ತುಂಬುವ ಗ್ಯಾಸ್, 130 ಗ್ರಾಂ ಆಸುಪಾಸು.

ಇಲ್ಲಿ ಒತ್ತಡದ ಗೇಜ್ ನೋಡಿ ಗ್ಯಾಸ್ ಹಾಕಿದರೆ ನಡೆಯಲ್ಲ. ತೂಕವೇ ಗತಿ. ಉದ್ದದ ಹೋಸ್‌ನಲ್ಲೇ ಹತ್ತಾರು ಗ್ರಾಂ ಲಿಕ್ವಿಡ್ ನಿಂತುಬಿಡುತ್ತದೆ, ಗಿಡ್ಡದು, ಸಣ್ಣದು ಬಳಸಿ. ಗ್ರಾಂ ತೋರಿಸುವ ತಕ್ಕಡಿ, ವ್ಯಾಕ್ಯೂಮ್ ಗೇಜ್, ಹೈಡ್ರೋಕಾರ್ಬನ್ ಹಿಡಿಯುವ ಲೀಕ್ ಡಿಟೆಕ್ಟರ್, ಎಲ್ಲಾ ಕೊಂಡು ಮುಗಿಸುವಾಗ ಮೊದಲ ಬ್ಯಾಚ್‌ನ ಲಾಭ ಪೂರ್ತಿ ಹೋಯಿತು. ಚಾರ್ಜ್ ಆದ ಮೇಲೆ ಬೆಸುಗೆಯ ಬೆಂಕಿ ಟಾರ್ಚ್ ಹತ್ತಿರವೂ ಸುಳಿಯಬಾರದು. ಟ್ಯೂಬ್ ಒತ್ತಿ, ಬೆಂಕಿ ಇಲ್ಲದೆ ಬಿಗಿಯುವ ರಿಂಗ್ ಜಾಯಿಂಟ್ ಹಾಕಿ ಮುಚ್ಚುತ್ತೇನೆ.

"ಅಡುಗೆ ಗ್ಯಾಸ್ ಸಾಕಲ್ವಾ?" ಅಂತ ಕೇಳುವವರಿದ್ದಾರೆ. ಬೇಡ. ಅದರಲ್ಲಿ ಬ್ಯೂಟೇನ್, ತೇವ, ವಾಸನೆಗೆ ಸೇರಿಸಿದ್ದು ಎಲ್ಲಾ ಇರುತ್ತದೆ. ನಡುವೆ ಮೈಕ್ರೋಚಾನಲ್ ಕಂಡೆನ್ಸರ್ (ಬಿಸಿ ಹೊರಹಾಕುವ, ತೀರಾ ಸಣ್ಣ ರಂಧ್ರಗಳ ಕಾಯಿಲ್) ಕೂಡ ಹಾಕಿ ನೋಡಿದೆ. ಚಾರ್ಜ್ ಇನ್ನೂ 30 ಗ್ರಾಂ ಇಳಿಯಿತು, ಆದರೆ ಧೂಳು ಬೇಗ ಕಟ್ಟುತ್ತದೆ. ಸದ್ಯಕ್ಕೆ ಬದಿಗಿಟ್ಟಿದ್ದೇನೆ.

ಮೀಟರ್‌ನಲ್ಲಿ ಕರೆಂಟ್ ಹತ್ತಿರ ಹತ್ತಿರ ಐದನೇ ಒಂದು ಭಾಗ ಉಳಿಯುತ್ತಿದೆ. 404ಎ ಮಾಡೆಲ್ ಕಟ್ಟುವುದನ್ನು ನಿಲ್ಲಿಸಿದ್ದೇನೆ. ಮುಂದಿನದು ದೊಡ್ಡ ಫ್ರೀಜರ್. 2019ರಲ್ಲಿ ಐಇಸಿ (ವಿದ್ಯುತ್ ಉಪಕರಣಗಳಿಗೆ ಅಂತರರಾಷ್ಟ್ರೀಯ ಮಾನದಂಡ ಮಾಡುವ ಸಂಸ್ಥೆ) ಇಂಥ ಗ್ಯಾಸ್‌ಗೆ ಇಟ್ಟ ಮಿತಿ 500 ಗ್ರಾಂವರೆಗೆ ಏರಿದ್ದರೂ, ಎರಡು ಸರ್ಕ್ಯೂಟ್ ಮಾಡಿ ಒಂದೊಂದನ್ನೂ 150 ಗ್ರಾಂ ಒಳಗೇ ಇಡುತ್ತೇನೆ.